ಕಪಿಲೆ ಹೂಡುವ ಮುನ್ನ

ಟೇಪು ಬಾವಿಗೆ ಬಿತ್ತು...

ನೂರಡಿಯ ಉಕ್ಕಿನ ಟೇಪು. ಇಬ್ಬರಿಗೊಂದರಂತೆ ಇಡೀ ಶಿಬಿರಕ್ಕೆ ಇದ್ದದ್ದೇ ಏಳು. ಅದರಲ್ಲೊಂದು ಲಕ್ಷ್ಮೀನರಸಮ್ಮನ ಕೈಯಿಂದ ಜಾರಿ, ಬಾವಿಯ ಕಲ್ಲಿಗೆ ಎರಡು ಸಲ ಬಡಿದು, ಕೆಳಗಿನ ಕಪ್ಪು ನೀರಿನಲ್ಲಿ ಬುಳುಂಕನೆ ಮುಳುಗಿತು.

ತಪ್ಪು ಅವಳೊಬ್ಬಳದೇ ಅಲ್ಲ. "ಸೀಮೆಸುಣ್ಣ ಹಚ್ಚದೇನೇ ಇಳಿಸ್ತಿದೀರಲ್ಲ" ಎಂದು ಯಾರೋ ಗಂಡಸು ಕಿವಿಯ ಹತ್ತಿರವೇ ಹೇಳಿದರೆ ಬೆಚ್ಚಿಬೀಳದ ಹುಡುಗಿ ಯಾರಿದ್ದಾಳೆ?

ತಿರುಗಿದಳು. ಎತ್ತರದ ಹುಡುಗ, ಬಿಸಿಲಿಗೆ ಕಂದಿದ ಮುಖ, ಮೊಣಕೈವರೆಗೆ ಮಡಿಚಿದ ಖಾಕಿ ಅಂಗಿ. ಕೈಯಲ್ಲಿ ಒಂದು ತುಂಡು ಸೀಮೆಸುಣ್ಣ. ಅದನ್ನು ಕೊಡಬೇಕೋ ಬೇಡವೋ ತಿಳಿಯದೆ ಹಾಗೇ ಕೈಚಾಚಿ ನಿಂತಿದ್ದ.

"ಈಗ ಯಾವುದಕ್ಕೆ ಹಚ್ಚಲಿ? ನಿಮ್ಮ ತಲೆಗಾ?" ಎಂದಳು. ಅಳು ಬರುವಂತಿತ್ತು. ಅದನ್ನು ಮುಚ್ಚಿಕೊಳ್ಳಲು ಸಿಟ್ಟು ಮಾಡಿಕೊಂಡಳು.

ಅವನು ನಗಲಿಲ್ಲ. ಸೀಮೆಸುಣ್ಣವನ್ನು ಜೇಬಿಗೆ ಹಾಕಿ, ಚಪ್ಪಲಿ ಬಿಟ್ಟು, ಬಾವಿಯೊಳಗೆ ಬಗ್ಗಿ ನೋಡಿದ. ಗಟ್ಟಿ ಹಗ್ಗವೊಂದು ಸಿಕ್ಕರೆ ಸಾಕು ಎಂದ.

ಹಗ್ಗ ತಂದವಳು ಕದಿರಮ್ಮ. ಬಾವಿಯ ಯಜಮಾನ ಕೊಂಡಪ್ಪನ ಒಬ್ಬಳೇ ಮಗಳು. ಪಕ್ಕದ ತೋಟದಲ್ಲಿ ರೇಷ್ಮೆಹುಳುವಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದವಳು ಗಲಾಟೆ ಕೇಳಿ ಬಂದು, ಮನೆಗೆ ಓಡಿ, ಅಟ್ಟದ ಮೇಲಿದ್ದ ಕತ್ತಾಳೆ ನಾರಿನ ದಪ್ಪ ಹಗ್ಗ ತಂದು ಕಪಿಲೆಯ ಕಂಬಕ್ಕೆ ಬಿಗಿದಳು. ಎತ್ತು ಹೂಡಿ ನೀರೆಳೆಯುವ ಕಪಿಲೆಯ ಕಂಬ. ಎಂಥ ಭಾರಕ್ಕೂ ಅಲುಗುವಂಥದ್ದಲ್ಲ.

ಅವನು ಸರಸರನೆ ಇಳಿದ. ಎರಡು ಸಲ ಮುಳುಗಿದ. ಎರಡನೇ ಸಲ ಮೇಲೆ ಬರುವುದು ತಡವಾದಾಗ ನರಸಮ್ಮ ತನಗೆ ಹೆಸರು ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತಿದ್ದಳು. ಕೊನೆಗೆ ಟೇಪನ್ನು ಅಂಗಿಯೊಳಗೆ ತೂರಿಸಿಕೊಂಡು ಹಗ್ಗ ಹಿಡಿದು ಹತ್ತತೊಡಗಿದವನು, ನಡುದಾರಿಯಲ್ಲಿ ನಿಂತುಬಿಟ್ಟ. ಹಗ್ಗಕ್ಕೆ ಅಲ್ಲಲ್ಲಿ ಗಂಟು ಹಾಕಿತ್ತು. ಒಂದೊಂದು ಗಂಟಿಗೂ ಒಂದೊಂದು ಬಣ್ಣದ ಬಟ್ಟೆಯ ಚೂರು. ಅವನು ಅವನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ.

ಮೇಲೆ ಬಂದ ಕೂಡಲೇ ಟೇಪನ್ನು ನರಸಮ್ಮನ ಕೈಗಿತ್ತು, ಕದಿರಮ್ಮನ ಹತ್ತಿರ ಹೋಗಿ ಮೆಲ್ಲಗೆ ಏನೋ ಕೇಳಿದ. ಅವಳು ಮನೆಯ ಕಡೆ ಒಮ್ಮೆ ನೋಡಿ, ತುಟಿಯ ಮೇಲೆ ಬೆರಳಿಟ್ಟಳು. ಆಮೇಲೆ ನಕ್ಕಳು.

ಆ ನಗು ನೋಡಿ ನರಸಮ್ಮನ ಎದೆಯಲ್ಲಿ ಚುರ್ ಎಂದಿತು. ಹುಡುಗನನ್ನು ಕಂಡು ಅರ್ಧ ಗಂಟೆಯೂ ಆಗಿಲ್ಲ, ಹೆಸರು ಕೂಡ ಗೊತ್ತಿಲ್ಲ... ಆಗಲೇ ಹೊಟ್ಟೆಕಿಚ್ಚು! ಅವಳು ಅದನ್ನು ಒಪ್ಪಿಕೊಳ್ಳಲಿಲ್ಲ. ಟೇಪಿಗಾಗಿ ಗಾಬರಿಯಾಗಿತ್ತು ಎಂದುಕೊಂಡಳು.

1964ರ ಫೆಬ್ರವರಿ ಅದು. ಶಿಡ್ಲಘಟ್ಟ ತಾಲ್ಲೂಕಿನ ಸಾದಲಿಯ ಛತ್ರದಲ್ಲಿ ಬೆಂಗಳೂರಿನ ಎರಡು ಕಾಲೇಜುಗಳ ಭೂವಿಜ್ಞಾನದ ವಿದ್ಯಾರ್ಥಿಗಳು ಮೂರು ವಾರ ಬೀಡುಬಿಟ್ಟಿದ್ದರು. ಹದಿಮೂರು ಹುಡುಗರು, ಒಬ್ಬಳೇ ಹುಡುಗಿ. ಹಿಂದಿನ ವರ್ಷದವರೆಗೆ ಇಂಥ ಶಿಬಿರವೆಂದರೆ ಚಿನ್ನದ ಗಣಿಗೆ ಇಳಿದು ಬರುವುದಾಗಿತ್ತು. ಅದನ್ನು ಬದಲಾಯಿಸಿದವರು ಮೇಷ್ಟ್ರು ದಕ್ಷಿಣಾಮೂರ್ತಿಗಳು. ಭೂಮಿಯನ್ನು ತೋಡುವವರು ಬೇಕಾದಷ್ಟು ಜನ ಇದ್ದಾರೆ, ಇನ್ನು ಮುಂದೆ ಅದರ ನೀರನ್ನೂ ಮಣ್ಣನ್ನೂ ಕಾಯುವವರು ಬೇಕು, ಅದನ್ನು ಪುಸ್ತಕ ಓದಿ ಕಲಿಯಲಾಗುವುದಿಲ್ಲ, ಊರಿನ ಬಾವಿಗಳನ್ನು ಅಳೆದೇ ಕಲಿಯಬೇಕು ಎಂಬುದು ಅವರ ಹಟ.

ಅವರ ಕಟ್ಟುನಿಟ್ಟುಗಳೂ ಹಾಗೇ. ಬಾವಿಯ ನೀರಿನ ಮಟ್ಟವನ್ನು ಬೆಳಿಗ್ಗೆ ಕಪಿಲೆ ಹೂಡುವ ಮುನ್ನವೇ ಅಳೆಯಬೇಕು. ಎತ್ತು ಎಳೆಯಲು ಶುರುವಾದರೆ ನೀರು ಇಳಿದು ಅಳತೆ ಕೆಡುತ್ತದೆ. ಪ್ರತಿ ಅಳತೆಯನ್ನೂ ಎರಡು ಸಲ ತೆಗೆಯಬೇಕು. ಪುಸ್ತಕದಲ್ಲಿ ಬರೆದದ್ದನ್ನು ಅಳಿಸಬಾರದು. ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಬೇಕು. ಸರ್ಕಾರದಲ್ಲಿ ಆಗಷ್ಟೇ ಅಂತರ್ಜಲಕ್ಕೆಂದು ಹೊಸ ಶಾಖೆ ತೆರೆಯುತ್ತಿದ್ದರು. ಶಿಬಿರ ಮುಗಿದ ಮೇಲೆ ಮೇಷ್ಟ್ರು ಅಲ್ಲಿಗೆ ಇಬ್ಬರ ಹೆಸರು ಕಳಿಸುವವರಿದ್ದರು. ನರಸಮ್ಮ ಊಟ ನಿದ್ದೆ ಬಿಟ್ಟು ಕನಸು ಕಂಡಿದ್ದು ಆ ಒಂದು ಕೆಲಸಕ್ಕೆ.

ಇಲ್ಲಿಗೆ ಬರಲು ಅವಳು ಪಟ್ಟ ಪಾಡು ಸಣ್ಣದಲ್ಲ. ಚಿಂತಾಮಣಿಯಲ್ಲಿ ತರಕಾರಿ ಮಂಡಿ ಇಟ್ಟಿದ್ದ ಅಪ್ಪ ಮೂರು ದಿನ ಮಾತು ಬಿಟ್ಟಿದ್ದ. ಆಮೇಲೆ ತನ್ನ ಅಕ್ಕ ಅಶ್ವತ್ಥಮ್ಮನನ್ನು ಜೊತೆಗೆ ಕರೆದುಕೊಂಡು ಹೋಗುವುದಾದರೆ ಮಾತ್ರ ಎಂದು ಒಪ್ಪಿದ. ಹಾಗಾಗಿ ಸಾದಲಿಯ ಛತ್ರದ ಮೂಲೆಯ ಕೋಣೆಯಲ್ಲಿ ಕಲ್ಲು ಒಡೆಯುವ ಸುತ್ತಿಗೆಯ ಪಕ್ಕದಲ್ಲೇ ಅತ್ತೆಯ ಎಲೆಅಡಿಕೆ ಚೀಲವೂ ತೂಗುತ್ತಿತ್ತು.

ಟೇಪು ತೆಗೆದ ಹುಡುಗ ಇನ್ನೊಂದು ಕಾಲೇಜಿನವನು, ತೊಂಡೇಬಾವಿಯ ವೆಂಕಟರಾಯಪ್ಪ. ಮೇಷ್ಟ್ರು ಅವನನ್ನೂ ನರಸಮ್ಮನನ್ನೂ ಒಂದೇ ಟೇಪಿಗೆ ಜೋಡಿ ಮಾಡಿದರು. ಎರಡು ದಿನದೊಳಗೆ ಅಶ್ವತ್ಥಮ್ಮ ಅವನ ಅಪ್ಪ ಯಾರು, ತಾಯಿಯ ತವರು ಯಾವುದು, ಎಷ್ಟು ಎತ್ತು, ಯಾವ ಮನೆದೇವರು ಎಲ್ಲವನ್ನೂ ವಿಚಾರಿಸಿಕೊಂಡು, "ನಮ್ಮೋರೇ ಕಣೇ" ಎಂದು ಸಮಾಧಾನದಿಂದ ಎಲೆಗೆ ಸುಣ್ಣ ಹಚ್ಚಿದ್ದಳು.

"ಯಾರು ಕೇಳಿದ್ರು ಅತ್ತೆ ಅದನ್ನ?"

"ನೀನು ಕೇಳ್ಲಿಲ್ಲ ನಾ ತಲ್ಲಿ, ನನ್ನ ತಾಯಿ. ನಿನ್ನ ಮುಖ ಕೇಳ್ತಿತ್ತು."

ವೆಂಕಟರಾಯನದು ಮಾತು ಕಡಿಮೆ. ಟೇಪಿನ ತುದಿಗೆ ಸೀಮೆಸುಣ್ಣ ಹಚ್ಚಿ ಇಳಿಸಿದರೆ ನೆನೆದಲ್ಲಿ ಬಣ್ಣ ಕಪ್ಪಾಗುತ್ತದೆ, ಅಲ್ಲಿಗೆ ನೀರಿನ ಮಟ್ಟ ಎಂದು ತೋರಿಸಿಕೊಟ್ಟು, ತನ್ನ ಸೀಮೆಸುಣ್ಣವನ್ನು ಮುರಿದು ಅರ್ಧ ಅವಳಿಗೆ ಕೊಟ್ಟಿದ್ದ. ಅವಳು ಅದನ್ನು ಬಳಸಲೇ ಇಲ್ಲ. ಪೆನ್ಸಿಲ್ ಡಬ್ಬಿಯಲ್ಲಿ ಮುಚ್ಚಿಟ್ಟುಕೊಂಡಳು.

ಇನ್ನೊಂದು ವಿಷಯ. ಹಾಸ್ಟೆಲಿನ ಗೆಳತಿಯರು ಲಕ್ಷ್ಮೀನರಸಮ್ಮ ಅಂದರೆ ಅಜ್ಜಿ ಹೆಸರು ಎಂದು ಆಡಿಕೊಂಡು ನಗುತ್ತಿದ್ದರು. ಅಲ್ಲಿಂದ ಅವಳು ಎಲ್ಲರ ಬಾಯಲ್ಲೂ ನರಸು ಆಗಿಹೋಗಿದ್ದಳು. ಇವನೊಬ್ಬನೇ ಒಂದಕ್ಷರ ಬಿಡದೆ 'ಲಕ್ಷ್ಮೀನರಸಮ್ಮನೋರೆ' ಎಂದು ಕರೆಯುತ್ತಿದ್ದ. ಅವನ ಬಾಯಲ್ಲಿ ಅದು ಚೆಂದದ ಹೆಸರೇ ಆಗಿ ಕೇಳುತ್ತಿತ್ತು!

ಮೂರನೇ ದಿನ ಎಲ್ಲರೂ ಶಿಡ್ಲಘಟ್ಟದ ತಾಲ್ಲೂಕು ಕಚೇರಿಗೆ ಹೋಗಿದ್ದರು. ಪರೀಕ್ಷೆಗೆ ನರಸಮ್ಮ ಆರಿಸಿಕೊಂಡ ವಿಷಯ, ಹತ್ತು ವರ್ಷಗಳಲ್ಲಿ ಸಾದಲಿಯ ಬಾವಿಗಳ ನೀರು ಎಷ್ಟು ಇಳಿದಿದೆ ಎಂಬುದು. ಹಳೆಯ ಮಟ್ಟಗಳನ್ನು ಯಾರೂ ಬರೆದಿಟ್ಟಿಲ್ಲ ಎಂದು ಗುಮಾಸ್ತರು ಕೈಯಲ್ಲಾಡಿಸಿಬಿಟ್ಟರು. ಊರಿನವರನ್ನು ಕೇಳಿದರೆ ಅವರೂ ಬಾಯಿಬಿಡರು. ಬಾವಿಯ ಏರಿಳಿತವನ್ನು ಹೊರಗಿನವರಿಗೆ ಹೇಳಿದರೆ ದೃಷ್ಟಿಯಾಗಿ ನೀರು ಬತ್ತುತ್ತದೆ ಎಂಬ ನಂಬಿಕೆ. ಟೇಪು ಸರ್ಕಾರದ್ದು, ಅದಕ್ಕೆ ದೃಷ್ಟಿ ಇಲ್ಲ, ಬೇಕಾದರೆ ಇಳಿಸಿಕೊಳ್ಳಿ, ನಮ್ಮ ಬಾಯಿಂದ ಮಾತ್ರ ಕೇಳಬೇಡಿ ಎಂದಿದ್ದ ಕೊಂಡಪ್ಪ. ಆ ದಿನ ನರಸಮ್ಮ ಕಚೇರಿಯ ಜಗಲಿಯ ತುದಿಯಲ್ಲಿ ಒಬ್ಬಳೇ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಯಾರೂ ನೋಡಲಿಲ್ಲ ಎಂದುಕೊಂಡಳು.

ನಾಲ್ಕನೇ ದಿನದಿಂದ ಶುರುವಾಯಿತು ಅವಳ ಸಂಕಟ.

ನಸುಕಿನಲ್ಲೇ ವೆಂಕಟರಾಯ ಎದ್ದು ಹೋಗುತ್ತಿದ್ದ. ಒಬ್ಬನೇ. ಕೊಂಡಪ್ಪನ ತೋಟದ ಕಡೆಗೆ. ಎಲ್ಲರೂ ಕಾಫಿಗೆ ಕೂತಾಗ ಬೆವರಿಳಿಸಿಕೊಂಡು ವಾಪಸ್ಸು ಬರುತ್ತಿದ್ದ. ಕೇಳಿದರೆ, ಸುಮ್ಮನೆ ತಿರುಗಾಡಲು ಎನ್ನುತ್ತಿದ್ದ.

'ಸುಮ್ಮನೆ ತಿರುಗಾಡೋದಕ್ಕೆ ಊರಿನಲ್ಲಿ ಬೇರೆ ದಾರಿಯೇ ಇಲ್ಲವಾ? ದಿನಾ ಅದೇ ತೋಟ, ಅದೇ ಬಾವಿ...'

ಒಂದು ದಿನ ಅವನು ಬರುವಾಗ ಕೈಯಲ್ಲಿ ಮುಚ್ಚಿದ ಪಾತ್ರೆ. ಕದಿರಮ್ಮ ಮಾಡಿದ ಹಿತಕಿದ ಅವರೆಬೇಳೆ ಸಾರು. ಹುಡುಗರೆಲ್ಲ ಮುದ್ದೆಯ ಮೇಲೆ ಮುದ್ದೆ ಇಳಿಸಿ ಬೆರಳು ನೆಕ್ಕಿದರು. ಮೇಷ್ಟ್ರೂ ಎರಡನೇ ಸಲ ಹಾಕಿಸಿಕೊಂಡರು. ನರಸಮ್ಮ ಒಂದು ತುತ್ತು ತಿಂದು ಉಪ್ಪು ಜಾಸ್ತಿ ಎಂದಳು. ಉಪ್ಪು ಸರಿಯಾಗಿತ್ತು. ಹಸಿದ ಹೊಟ್ಟೆಯಲ್ಲೇ ಎದ್ದುಹೋದವಳ ತಟ್ಟೆಯನ್ನು ಅಶ್ವತ್ಥಮ್ಮ ಎಳೆದುಕೊಂಡು ಸದ್ದಿಲ್ಲದೆ ಖಾಲಿ ಮಾಡಿದಳು.

"ಆ ಹುಡುಗನ ಪ್ಯಾಂಟಿಗೆ ದಿನಾ ಸಗಣಿ ಮೆತ್ಕೊಂಡಿರುತ್ತೆ, ನೋಡಿದ್ಯಾ?" ಎಂದಳು ಅತ್ತೆ ಕೋಣೆಗೆ ಬಂದು. "ಓದೋ ಹುಡುಗನಿಗೆ ಸಗಣಿ ಎಲ್ಲಿಂದ ಬಂತು ಅಂತ."

ಆದರೆ ನರಸಮ್ಮನಿಗೆ ಸಗಣಿ ಕಾಣಲಿಲ್ಲ. ಅವಳಿಗೆ ಕಂಡದ್ದು ಕದಿರಮ್ಮನ ಮುಡಿಯಲ್ಲಿದ್ದ ಕನಕಾಂಬರ, ಬಿಸಿಲಲ್ಲೂ ಬಾಡದ ನಗು, ಅವಳ ಮನೆಯ ಹೊಸ್ತಿಲವರೆಗೂ ಹೋಗಿ ಬರುವ ಚಪ್ಪಲಿಯ ಗುರುತು. ರಾತ್ರಿ ಚಾಪೆಯ ಮೇಲೆ ಹೊರಳಾಡುತ್ತ ತನ್ನನ್ನು ತಾನೇ ಬೈದುಕೊಂಡಳು. ಅವನು ತನಗೇನು? ಏನೂ ಅಲ್ಲ. ಅರ್ಧ ಸೀಮೆಸುಣ್ಣ ಕೊಟ್ಟವನು, ಅಷ್ಟೆ.

ಹನ್ನೆರಡನೇ ದಿನ ಶಿಬಿರದ ಮುಖ್ಯ ಕೆಲಸ ಬಂತು. ಊರಿನ ಸುತ್ತಲಿನ ಬಾವಿಗಳಲ್ಲಿ ಏಳನ್ನು ಆರಿಸಿ ಒಂದೇ ಹೊತ್ತಿಗೆ, ಬೆಳಿಗ್ಗೆ ಆರಕ್ಕೆ ಅಳೆಯಬೇಕು. ಜೋಡಿಯಲ್ಲಿ ಒಬ್ಬರು ಟೇಪು ಹಿಡಿದು ಬಾವಿಗೆ, ಇನ್ನೊಬ್ಬರಿಗೆ ಬಿಡುವು. ಆ ಅಳತೆಗಳನ್ನು ನಕ್ಷೆಯ ಮೇಲೆ ಗುರುತಿಸಿ, ಹೊಸಕೇರಿಯವರಿಗೆ ಕುಡಿಯುವ ನೀರಿನ ಬಾವಿಯನ್ನು ಮೂಡಲಲ್ಲಿ ತೋಡಬೇಕೋ ಪಡುವಲಲ್ಲಿ ತೋಡಬೇಕೋ ಎಂದು ಮೇಷ್ಟ್ರು ಪಂಚಾಯ್ತಿಗೆ ಹೇಳುವವರಿದ್ದರು. ನರಸಮ್ಮನ ಪಾಲಿಗೆ ಬಂದದ್ದು ಮೂಡಲ ಕಡೆಯ ಹದಿನಾಲ್ಕನೇ ನಂಬರಿನ ಬಾವಿ.

ಕೊಂಡಪ್ಪನ ಬಾವಿ. ಅಂದರೆ ಕದಿರಮ್ಮನ ಬಾವಿ.

ಮಂಡಿ ನೋವು ಎಂದು ಅತ್ತೆ ತೋಟದ ಬದುವಿನ ಮೇಲೆ ಕೂತಳು. ನರಸಮ್ಮ ಒಬ್ಬಳೇ ಹಿಪ್ಪುನೇರಳೆ ಸಾಲುಗಳ ಮಧ್ಯೆ ನಡೆದಳು. ಎದೆಯೆತ್ತರ ಬೆಳೆದ ಗಿಡಗಳು. ಮುಂದೆ ಬಾವಿಯ ಕಟ್ಟೆ. ಬೆಳಕು ಆಗಷ್ಟೇ ಹರಿಯುತ್ತಿತ್ತು.

ಅಲ್ಲಿ ವೆಂಕಟರಾಯ ನಿಂತಿದ್ದ. ಎರಡೂ ಕೈಗಳನ್ನು ಅಗಲಕ್ಕೆ ಚಾಚಿಕೊಂಡು... ಎದುರಿಗೆ ಕದಿರಮ್ಮ. ಅವಳು ನಗುತ್ತ ಒಂದೊಂದೇ ಹೆಜ್ಜೆ ಮುಂದೆ ಬಂದಳು. ಅವನ ಎದೆಯ ಹತ್ತಿರಕ್ಕೆ, ಚಾಚಿದ ಆ ಕೈಗಳ ಒಳಗೆ.

ಮುಂದಿನದನ್ನು ನರಸಮ್ಮ ನೋಡಲಿಲ್ಲ. ತಿರುಗಿ ಓಡಿದಳು. ಕಾಲಿಗೆ ಸೀರೆ ತೊಡರಿತು, ಟೇಪಿನ ಚೀಲ ಸೊಂಟಕ್ಕೆ ಬಡಿಯಿತು. ಅತ್ತೆಯ ಕಣ್ಣಿಗೆ ಬೀಳದಂತೆ ಬಳಸಿಕೊಂಡು ಹೋಗಿ, ಹುಣಸೆ ಮರದ ಹಿಂದೆ ಕೂತು, ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು.

'ಹೇಳಿಬಿಡಬಹುದಿತ್ತಲ್ಲ... ಆ ಹುಡುಗಿ ನನಗೆ ಬೇಕಾದವಳು ಅಂತ. ಯಾಕೆ ನನಗೆ ಸೀಮೆಸುಣ್ಣ ಕೊಟ್ಟೆ? ಯಾಕೆ ಪೂರ್ತಿ ಹೆಸರು ಹಿಡಿದು ಕರೆದೆ?'

ಅವಳು ಬಾವಿಗೆ ಹೋದಾಗ ಒಂಬತ್ತು ಗಂಟೆ. ಅವನೂ ಇರಲಿಲ್ಲ, ಕದಿರಮ್ಮನೂ ಇರಲಿಲ್ಲ. ಕಪಿಲೆ ಎರಡೂವರೆ ಗಂಟೆ ಎಳೆದು ನಿಂತಿತ್ತು, ಎತ್ತುಗಳು ನೆರಳಿನಲ್ಲಿ ಮೆಲುಕು ಹಾಕುತ್ತಿದ್ದವು. ಟೇಪು ಇಳಿಸಿದಳು. ಮೂವತ್ತೈದು ಅಡಿ. ಪುಸ್ತಕ ತೆರೆದಳು. ಹೊತ್ತು ಎಂದಿದ್ದ ಕಡೆ ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ ಬರೆದಳು, ಬೆಳಿಗ್ಗೆ ಆರು ಹತ್ತು. ಕೆಳಗೆ ಸಹಿ.

ಸಂಜೆ ನಕ್ಷೆ ಸಿದ್ಧವಾಯಿತು. ಪಡುವಲಲ್ಲಿ ಮೂವತ್ತಡಿಗೇ ನೀರು, ಮೂಡಲಲ್ಲಿ ಮೂವತ್ತೈದು. ಬಾವಿ ಪಡುವಲಲ್ಲೇ ಆಗಲಿ ಎಂದರು ಮೇಷ್ಟ್ರು. ಪಂಚಾಯ್ತಿಯವರು ಸೋಮವಾರ ಗುದ್ದಲಿ ಪೂಜೆ ಎಂದು ಗೊತ್ತು ಮಾಡಿಕೊಂಡು ಹೋದರು.

ಮರುದಿನ ಶುಕ್ರವಾರ ವೆಂಕಟರಾಯ ಛತ್ರದ ಹಿತ್ತಲಿನಲ್ಲಿ ಅವಳನ್ನು ತಡೆದು ನಿಲ್ಲಿಸಿದ. ಮುಖದಲ್ಲಿ ಎಂದಿನ ಸಮಾಧಾನ ಇರಲಿಲ್ಲ.

"ಆರು ಹತ್ತಕ್ಕೆ ನಾನು ಅಲ್ಲೇ ಇದ್ದೆ ಲಕ್ಷ್ಮೀನರಸಮ್ಮನೋರೆ. ಆರೂವರೆವರೆಗೂ ಕಾದೆ. ನೀವು ಬರ್ಲಿಲ್ಲ."

ಅವಳ ಕಿವಿ ಬಿಸಿಯಾಯಿತು. "ಬಂದಿದ್ದೆ. ಅಲ್ಲಿ ನಿಮಗೆ ಬೇಕಾದೋರು ಇದ್ರಲ್ಲ... ನಾನ್ಯಾಕೆ ಮಧ್ಯೆ ಬರಲಿ?"

ಅವನು ಅವಳನ್ನೇ ನೋಡಿದ. ಅವನಿಗೂ ನೋವಾಗಿತ್ತು, ಸಿಟ್ಟೂ ಬಂದಿತ್ತು.

"ನನ್ನ ಬಗ್ಗೆ ತಿಳ್ಕೊಂಡಿದ್ದು ಅಷ್ಟೇ ಅಂತಾಯ್ತು. ಇರ್ಲಿ ಬಿಡಿ. ಪಡುವಲಲ್ಲಿ ಮೂವತ್ತೈದಡಿ ಕೆಳಗೆ ಬರೀ ಬಂಡೆ ಇದೆ, ಕಲ್ಲು ನೋಡಿದ್ದೀರಿ, ನಿಮಗೂ ಗೊತ್ತು. ಬೇಸಿಗೇಲಿ ಒಣಗೋಗುತ್ತೆ. ಪುಸ್ತಕ ನಿಮ್ಮದು, ನೀವೇ ಹೇಳ್ಬೇಕು. ಭಾನುವಾರದೊಳಗೆ ಹೇಳ್ಲಿಲ್ಲ ಅಂದ್ರೆ ನಾನು ಹೇಳ್ಬೇಕಾಗುತ್ತೆ."

ಹೋಗಿಬಿಟ್ಟ. ಅವಳು ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತಳು. ಹೇಳಿದರೆ ಕೆಲಸ ಹೋಗುತ್ತದೆ. ಅಪ್ಪನ ಮುಂದೆ ಹೇಗೆ ತಲೆಯೆತ್ತುವುದು? ಹೇಳದಿದ್ದರೆ ಅವನು ಹೇಳುತ್ತಾನೆ. ಅವನ ಬಾಯಿಂದ ಬರುವುದಕ್ಕಿಂತ... ಆಗಲೂ ಅವಳ ಮನಸ್ಸು ಕದಿರಮ್ಮನ ಸುತ್ತಲೇ ಸುತ್ತುತ್ತಿತ್ತು. ಇದೆಲ್ಲ ಆದದ್ದು ಅವಳಿಂದ ಎಂದು ಎಲ್ಲ ತಪ್ಪನ್ನೂ ಆ ಹುಡುಗಿಯ ತಲೆಗೆ ಕಟ್ಟಿ ನೋಡಿದಳು. ಅದು ಅಲ್ಲಿ ನಿಲ್ಲಲಿಲ್ಲ.

ಶನಿವಾರ ಬೆಳಿಗ್ಗೆ ಹೊಸಕೇರಿಯ ಅಮ್ಮಾಜಮ್ಮ ಛತ್ರದ ಮುಂದೆ ಹಾದುಹೋಗುತ್ತಿದ್ದವಳು ನಿಂತಳು. ಎಪ್ಪತ್ತರ ಮುದುಕಿ. ತಲೆಯ ಮೇಲೊಂದು ಬಿಂದಿಗೆ, ಸೊಂಟದಲ್ಲೊಂದು. ದೂರದ ಕೆರೆಯ ಕೆಳಗಿನ ಬಾವಿಯಿಂದ ದಿನಕ್ಕೆ ಮೂರು ಸಲ ನೀರು ಹೊರುವವಳು.

"ನೀನೇ ಅಲ್ವಾ ಬಾವಿ ಅಳೆಯೋ ಹುಡುಗಿ? ನಮ್ಮ ಕೇರಿ ಬಾವೀಲಿ ನೀರು ಬರುತ್ತೇನಮ್ಮ?"

ನರಸಮ್ಮ ಕೈಯಲ್ಲಿದ್ದ ಪುಸ್ತಕವನ್ನು ಸೆರಗಿನಡಿಗೆ ಸರಿಸಿದಳು.

"ನೀನು ನೋಡಿ ಹೇಳಿದ್ಮೇಲೆ ಬಂದೇ ಬರುತ್ತೆ ಬಿಡು," ಎಂದು ಮುದುಕಿ ತಾನೇ ಉತ್ತರ ಹೇಳಿಕೊಂಡು ಮುಂದೆ ಹೋದಳು. ಬಿಂದಿಗೆಯಿಂದ ತುಳುಕಿದ ನೀರು ಅವಳ ಬೆನ್ನ ಮೇಲೆ ಹರಿಯುತ್ತಿತ್ತು.

ನರಸಮ್ಮ ನೇರವಾಗಿ ಒಳಗೆ ಹೋದಳು. ಮೇಷ್ಟ್ರು ನಕ್ಷೆಯ ಮುಂದೆ ಕೂತಿದ್ದರು, ಸುತ್ತ ಹುಡುಗರಿದ್ದರು. ವೆಂಕಟರಾಯನೂ ಇದ್ದ. ಅವಳು ಅವನ ಕಡೆ ನೋಡಲಿಲ್ಲ. ಪುಸ್ತಕ ತೆರೆದು, ಎಲ್ಲರ ಎದುರಿಗೇ ಆರು ಹತ್ತು, ಮೂವತ್ತೈದು ಅಡಿ ಎಂಬುದರ ಮೇಲೆ ಒಂದು ಗೆರೆ ಎಳೆದಳು. ಪಕ್ಕದಲ್ಲಿ ಸಹಿ ಹಾಕಿದಳು. ಸಹಿ ಸೊಟ್ಟಗಾಯಿತು.

"ಕಪಿಲೆ ಎಳೆದ ಮೇಲೆ ಅಳೆದದ್ದು ಸರ್. ಒಂಬತ್ತು ಗಂಟೆಗೆ. ಹೊತ್ತು ಸುಳ್ಳು ಬರೆದೆ."

ಮೇಷ್ಟ್ರು ಕನ್ನಡಕ ತೆಗೆದು ಕಾರಣ ಕೇಳಿದರು. ಕಾರಣ ತನ್ನದು, ಬಾವಿಯದಲ್ಲ, ಹೇಳಲಾಗುವುದಿಲ್ಲ ಎಂದಳು.

"ತಪ್ಪು ಅಳತೆ ಯಾರ ಕೈಲಾದ್ರೂ ಆಗುತ್ತಮ್ಮ," ಎಂದರು ಅವರು. "ಸುಳ್ಳು ಹೊತ್ತು ಹಾಗಲ್ಲ. ಈ ವರ್ಷ ನಿನ್ನ ಹೆಸರು ಕಳಿಸೋದಿಲ್ಲ. ನಾಳೆ ಕಪಿಲೆ ಹೂಡೋ ಮುಂಚೆ ಹೋಗಿ ಮತ್ತೆ ಅಳೆದು ಬಾ. ಪೂಜೆ ನಿಲ್ಲಿಸೋಕೆ ನಾನು ಹೇಳಿಕಳಿಸ್ತೀನಿ."

ಅವಳು ತಲೆಯಾಡಿಸಿದಳು. ಕೋಣೆಗೆ ಬಂದು ಅತ್ತೆಯ ತೊಡೆಯ ಮೇಲೆ ಮುಖವಿಟ್ಟಳು. ಊಟ ನಿದ್ದೆ ಬಿಟ್ಟು ಕಂಡ ಕನಸು ಒಂದು ಗೆರೆಯಲ್ಲಿ ಹೋಗಿತ್ತು. ಆದರೂ ಮೂರು ದಿನದ ಮೇಲೆ ಮೊದಲ ಸಲ ಅವಳು ಹಸಿವೆ ಎಂದಳು.

ಮಧ್ಯಾಹ್ನ ಬಾಗಿಲಲ್ಲಿ ಯಾರೋ ಕೆಮ್ಮಿದರು. ಕದಿರಮ್ಮ! ಮುಡಿಯಲ್ಲಿ ಅದೇ ಕನಕಾಂಬರ. ಹೆಗಲ ಮೇಲೆ ಸುರುಳಿ ಸುತ್ತಿದ ಹಗ್ಗ.

"ನಿಮ್ಮಲ್ಲಿ ಲಕ್ಷ್ಮೀನರಸಮ್ಮ ಅಂದ್ರೆ ಯಾರು?"

"ನಾನೇ," ಎಂದಳು ನರಸಮ್ಮ ಒಣ ದನಿಯಲ್ಲಿ.

"ಓ, ನೀವಾ? ಅವತ್ತು ಟೇಪು ಬೀಳಿಸ್ದೋರು." ಅವಳು ಒಳಗೆ ಬಂದು ಹಗ್ಗವನ್ನು ನರಸಮ್ಮನ ಮಡಿಲಲ್ಲಿ ಇಟ್ಟಳು. "ಇದು ನಮ್ಮಮ್ಮನ ಹಗ್ಗ. ನಿಮ್ಮ ಕೈಗೇ ಕೊಡ್ಬೇಕು ಅಂತ ತಂದೆ."

ಆಮೇಲೆ ನಿಧಾನವಾಗಿ ಹೇಳಿದಳು. ತೀರಿಕೊಂಡ ತಾಯಿ ಪ್ರತಿ ಯುಗಾದಿಯ ಬೆಳಿಗ್ಗೆ ಹಗ್ಗದ ತುದಿಗೆ ಕಲ್ಲು ಕಟ್ಟಿ ನೀರು ಮುಟ್ಟುವವರೆಗೆ ಇಳಿಸಿ, ಕಟ್ಟೆಯ ಮಟ್ಟಕ್ಕೆ ಒಂದು ಗಂಟು ಹಾಕುತ್ತಿದ್ದಳು. ಯಾವ ವರ್ಷದ್ದು ಎಂದು ಗೊತ್ತಾಗಲು ತನ್ನ ಆ ವರ್ಷದ ಸೀರೆಯ ಚೂರನ್ನು ಕಟ್ಟುತ್ತಿದ್ದಳು. ಈಗ ಮೂರು ವರ್ಷದಿಂದ ಕದಿರಮ್ಮನೇ ಕಟ್ಟುತ್ತಿದ್ದಾಳೆ. ಹನ್ನೊಂದು ಗಂಟು, ಹನ್ನೊಂದು ಯುಗಾದಿ.

"ನಮ್ಮಪ್ಪ ಇದನ್ನ ಯಾರಿಗೂ ತೋರಿಸ್ಬೇಡ ಅಂತಿತ್ತು. ಟೇಪು ತೆಗೆದ ಆಯಪ್ಪ ಬಿಡ್ಲೇ ಇಲ್ಲ. ದಿನಾ ಬೆಳಿಗ್ಗೆ ಬಂದು ಕುಂಟು ಕಾಲಿನ ನಮ್ಮಪ್ಪನ ಬದ್ಲು ತಾನೇ ಕಪಿಲೆ ಹೊಡೆದ. ಯಾಕಪ್ಪಾ ನಿನಗೆ ಈ ಕಷ್ಟ ಅಂದ್ರೆ, ನಮ್ಮ ಜೊತೇಲಿ ಒಬ್ರಿದ್ದಾರೆ, ಬಾವಿಗಳ ಹಳೇ ಮಟ್ಟ ಸಿಗದೆ ಕಚೇರಿ ಜಗಲೀಲಿ ಕೂತು ಅತ್ರು, ನಂಗೆ ನೋಡಕ್ಕಾಗ್ಲಿಲ್ಲ ಅಂದ."

ನರಸಮ್ಮನ ಕೈ ಒಂದು ಹಸಿರು ಚೂರಿನ ಮೇಲೆ ನಿಂತುಹೋಯಿತು.

"ಗುರುವಾರ ನಮ್ಮಪ್ಪ ಒಪ್ತು. ನಮ್ಮಮ್ಮನ ಹಗ್ಗಕ್ಕೆ ಕಬ್ಬಿಣ ಮುಟ್ಟಿಸ್ಬೇಡಿ, ಮಾರಿನ ಲೆಕ್ಕದಲ್ಲೇ ಅಳೀರಿ ಅಂತು. ಆಯಪ್ಪ ಎರಡೂ ಕೈ ಚಾಚಿ ನಿಂತ್ಕೊಂಡ, ನಾನು ಎದುರಿಗೆ ನಿಂತು ಹಗ್ಗ ಹಿಡಿದು ಒಂದೊಂದೇ ಮಾರು ಎಣಿಸ್ದೆ. ನೀವು ಬರ್ತೀರಾ ಅಂತ ದಾರಿ ನೋಡ್ತಾನೇ ಇದ್ದ." ಅವಳು ನಕ್ಕಳು. "ಬರೋ ತಿಂಗಳು ನನ್ನ ಮದುವೆ, ಚೇಳೂರಿಗೆ. ಆಮೇಲೆ ಯುಗಾದಿಗೆ ಗಂಟು ಹಾಕೋರು ಯಾರೂ ಇಲ್ಲ. ನೀವು ಬಂದು ಹಾಕ್ತೀರಾ?"

ನರಸಮ್ಮ ಹದಿನೈದು ದಿನ ಮನಸ್ಸಿನಲ್ಲೇ ಶಪಿಸಿದ ಹುಡುಗಿಯ ಎರಡೂ ಕೈ ಹಿಡಿದುಕೊಂಡು, ಹಾಕುತ್ತೇನೆ ಎಂದಳು. ಸಾರಿಗೆ ಉಪ್ಪು ಸರಿಯಾಗಿತ್ತು ಎಂದೂ ಹೇಳಿದಳು. ಕದಿರಮ್ಮನಿಗೆ ಅದು ಅರ್ಥವಾಗಲಿಲ್ಲ. ಅಶ್ವತ್ಥಮ್ಮ ಮಾತ್ರ ಎಲೆಅಡಿಕೆ ಚೀಲದೊಳಗೆ ಮುಖ ಹುದುಗಿಸಿ ನಕ್ಕಳು.

ಭಾನುವಾರ ಬೆಳಿಗ್ಗೆ. ಅತ್ತೆ ಬದುವಿನ ಮೇಲೆ ಕೂತಳು. ಈ ಸಲ ಬಾವಿಗೆ ಬೆನ್ನು ಹಾಕಿ ಕೂತಳು.

ಒಂದೇ ಟೇಪಿನ ಜೋಡಿಯಲ್ಲವೇ, ವೆಂಕಟರಾಯನೂ ಬಂದಿದ್ದ. ನರಸಮ್ಮ ಪೆನ್ಸಿಲ್ ಡಬ್ಬಿ ತೆರೆದು ಆ ಅರ್ಧ ಸೀಮೆಸುಣ್ಣ ತೆಗೆದಳು. ಅದು ಕೊಟ್ಟ ದಿನ ಹೇಗಿತ್ತೋ ಹಾಗೇ ಇತ್ತು. ಅವನು ಅದನ್ನು ನೋಡಿದ, ಅವಳನ್ನು ನೋಡಿದ.

ಟೇಪು ಇಳಿಯಿತು, ಬಂತು. ಇಪ್ಪತ್ತಾರು ಅಡಿ. ಮತ್ತೊಮ್ಮೆ ಇಳಿಸಿದರು. ಇಪ್ಪತ್ತಾರೇ. ಪಡುವಲಿಗಿಂತ ನಾಲ್ಕಡಿ ಮೇಲೆ. ಅಮ್ಮಾಜಮ್ಮನ ಬಾವಿ ಇನ್ನು ಮೂಡಲಲ್ಲೇ.

ಅವಳು ಹೊತ್ತು ಬರೆದಳು, ಸಹಿ ಹಾಕಿದಳು. ಪುಸ್ತಕ ಮುಚ್ಚದೆಯೇ ಹೇಳಿದಳು.

"ನಾನು ಹೊಟ್ಟೆಕಿಚ್ಚು ಪಟ್ಟೆ. ಮೊದಲನೇ ದಿನದಿಂದ. ಅದಕ್ಕೇ ಹಾಗೆ ಮಾಡ್ದೆ."

"ಕದಿರಮ್ಮ ಹೇಳಿದ್ಳು, ಸಾರಿನ ವಿಷಯ. ನನಗೆ ಆಗ ಗೊತ್ತಾಯ್ತು."

"ಶುಕ್ರವಾರಾನೇ ನೀವು ಹೇಳ್ಬಹುದಿತ್ತಲ್ಲ, ಹಗ್ಗ ಅಳೀತಿದ್ದೆ ಅಂತ."

"ಸಿಟ್ಟು ಬಂದಿತ್ತು. ನನಗೂ ಬರುತ್ತೆ." ಅವನು ಬಾವಿಯ ಕಟ್ಟೆಯ ಮೇಲೆ ಕೈಯೂರಿದ. "ಕೆಲಸದ ಕಾಗದ ಬಂದ ಮೇಲೆ ನಮ್ಮಪ್ಪನ್ನ ಚಿಂತಾಮಣಿಗೆ ಕಳಿಸ್ಬೇಕು ಅಂತ ಅಂದ್ಕೊಂಡಿದ್ದೆ. ಟೇಪು ತೆಗೆದ ದಿನದಿಂದಾನೇ. ನೀವು ಬೇಡ ಅಂದ್ರೆ ಕಳಿಸಲ್ಲ."

ಅವಳ ಕಣ್ಣು ತುಂಬಿತು. "ಈ ವರ್ಷ ನನ್ನ ಹೆಸರು ಹೋಯ್ತು. ಆದ್ರೂ ನಾನು ಬಿಡಲ್ಲ. ಪರೀಕ್ಷೆಗೆ ಈ ಹಗ್ಗದ ಲೆಕ್ಕಾನೇ ಬರೀತೀನಿ, ಬರೋ ವರ್ಷ ಮತ್ತೆ ಕೇಳ್ತೀನಿ. ಕೆಲಸ ಮಾಡೇ ಮಾಡ್ತೀನಿ."

"ಮಾಡಿ. ಇಬ್ಬರಿಗೆ ಒಂದು ಟೇಪು ಸಾಕಾಗುತ್ತೆ."

ಅವಳು ನಕ್ಕುಬಿಟ್ಟಳು, ಅಳುತ್ತಲೇ. ಆಮೇಲೆ ಏನೋ ನೆನಪಾಗಿ ಪುಸ್ತಕದ ಹೊಸ ಹಾಳೆ ತೆಗೆದಳು. "ಹನ್ನೊಂದು ಗಂಟಿನ ಲೆಕ್ಕ ಎಲ್ಲ ನಿಮ್ಮ ಮಾರಿನಲ್ಲಿದೆ. ನಿಮ್ಮ ಒಂದು ಮಾರು ಎಷ್ಟು ಅಡಿ ಅಂತ ಗೊತ್ತಾಗದೆ ನಾನು ಏನೂ ಬರೆಯೋ ಹಾಗಿಲ್ಲ. ಕೈ ಚಾಚಿ."

ಅವನು ಚಾಚಿದ. ಎರಡೂ ಕೈ, ಅಗಲಕ್ಕೆ, ಆ ದಿನ ನಿಂತ ಹಾಗೆಯೇ. ಅವಳು ಟೇಪಿನ ತುದಿಯನ್ನು ಅವನ ಎಡಗೈ ಬೆರಳಿಗೆ ಕೊಟ್ಟು, ಎದೆಯ ಮುಂದಿನಿಂದ ಎಳೆದುಕೊಂಡು ಬಲಗೈಯ ತುದಿಯವರೆಗೆ ನಡೆದಳು. ಅವನ ಎದೆ ಬಡಿದುಕೊಳ್ಳುವುದು ಟೇಪಿನ ಮೇಲೆ ಗೊತ್ತಾಗುತ್ತಿತ್ತು.

"ಐದು ಅಡಿ ಹತ್ತೂವರೆ ಅಂಗುಲ."

"ಬರ್ಕೊಂಡ್ರಾ? ಕೈ ಇಳಿಸ್ಲಾ?"

"ಇಳಿಸ್ಬೇಡಿ. ಎರಡು ಸಲ ಅಳೀಬೇಕು."

"ಕೈ ನೋಯ್ತಿದೆ ನರಸು..."

"ಪೂರ್ತಿ ಹೆಸರು ಕರೀರಿ."

"ಲಕ್ಷ್ಮೀನರಸಮ್ಮ," ಎಂದ ಅವನು. ಈ ಸಲ ಅದರ ಮುಂದೆ ಇನ್ನೇನೂ ಸೇರಿಸಲಿಲ್ಲ. ಚಾಚಿದ ಕೈಗಳನ್ನು ಮೆಲ್ಲಗೆ ಇಳಿಸಿದ. ಅವಳು ಅವುಗಳ ಒಳಗಿಂದ ಸರಿಯಲಿಲ್ಲ.

ಬದುವಿನ ಕಡೆಯಿಂದ ಅತ್ತೆ, ಇತ್ತ ತಿರುಗದೆಯೇ ಕೂಗಿದಳು. "ಆಯ್ತೇನಮ್ಮ ಅಳತೆ?"

"ಇನ್ನೊಂದು ಸಲ ಇದೆ ಅತ್ತೆ."